ಮೂಲೆಯಲ್ಲಿ ಉಳಿಸಿಕೊಂಡಿದ್ದ ಒಂದು ಕಂಪ್ಯೂಟರು

ನಿಮ್ಮ ಯಂತ್ರ ಲಾಯಕ್ಕಿಲ್ಲ ಅಂತ ಪರದೆ ಮೇಲೆ ಬಂದ ದಿನ ನನ್ನ ತಲೆ ಕೆಟ್ಟು ಮೊಸರು ಗಡಿಗೆ ಆಗಿತ್ತು. ಹಳೇ ವಿಂಡೋಸ್‌ಗೆ ಇನ್ಮೇಲೆ ರಕ್ಷಣೆ ಇಲ್ಲ, ಹೊಸದು ಹಾಕ್ಕೊಳ್ರಿ, ಆದ್ರೆ ನಿಮ್ಮ ಕಂಪ್ಯೂಟರ್‌ಗೆ ಹೊಸದು ಹಿಡಿಯಲ್ಲ, ಬೇರೆ ತಗೊಳ್ರಿ. ಇಷ್ಟೇ ಅದರ ಸಾರಾಂಶ. ಒಂದಕ್ಕಲ್ಲ, ಚನ್ನಗಿರಿಯ ನನ್ನ ಸೆಂಟರಿನಲ್ಲಿದ್ದ ಎಲ್ಲಾ ಕಂಪ್ಯೂಟರ್‌ಗೂ ಅದೇ ಮಾತು. ಅಲ್ರೀ, ಬೆಳಿಗ್ಗೆ ಬಟನ್ ಒತ್ತಿದ್ರೆ ಎದ್ದು ಕೂರ್ತಾವೆ, ಸಂಜೆ ತನಕ ದುಡೀತಾವೆ, ಒಂದು ದಿನ ಕೆಮ್ಮಿಲ್ಲ, ನೆಗಡಿ ಇಲ್ಲ. ಅಂಥವಕ್ಕೆ ಲಾಯಕ್ಕಿಲ್ಲ ಅನ್ನಾಕೆ ಇವ್ರು ಯಾರು? ನಾನು ಪರದೆಗೇ ಬೈದೆ. ಟೈಪಿಂಗ್ ಮಾಡ್ತಿದ್ದ ಹುಡುಗೇರು ನಕ್ಕರು, ಅವ್ರಿಗೂ ಬೈದೆ.

ನಮ್ಮದು ಮೊದಲು ಬೆರಳಚ್ಚು ಶಾಲೆ. ನನ್ನ ಗಂಡನ ತಂದೆ, ಅಂದ್ರೆ ನಮ್ಮ ಮಾವ, ಬಸ್ ಸ್ಟ್ಯಾಂಡ್ ಹತ್ರ ಅಡಿಕೆ ಅಂಗಡಿಯೊಂದರ ಮಹಡಿ ಮೇಲೆ ಶುರು ಮಾಡಿದ್ದು. ಸೊಸೆಯಾಗಿ ಬಂದ ನಾನು ಅವ್ರ ಹತ್ರಾನೇ ಕಲಿತೆ. ಅವ್ರದ್ದೊಂದು ಪದ್ಧತಿ ಇತ್ತು. ಕಲಿಯೋರು ಕೈಯನ್ನ ಕೀಲಿಗಳ ಮೇಲೆ ಇಟ್ಟ ಕೂಡಲೇ ಒಂದು ಬಿಳಿ ಟವೆಲ್ ತಂದು ಕೈ ಮೇಲೆ ಹೊದಿಸಿಬಿಡೋರು. ಕಣ್ಣು ಕಾಗದದ ಮೇಲೆ, ಕೈ ಟವೆಲ್ ಕೆಳಗೆ. ಬಗ್ಗಿ ನೋಡಾಕೆ ಹೋದ್ರೆ, "ಏನಮ್ಮಾ, ಕೈ ಎಲ್ಲಾದ್ರೂ ಓಡಿ ಹೋದಾವು ಅಂತ ಹೆದರಿಕೆನಾ?" ಅನ್ನೋರು. ಮೊದಲನೇ ವಾರ ನಾನು ಅತ್ತೇ ಬಿಟ್ಟಿದ್ದೆ. ಆಮೇಲೆ ಕೈಗೇ ಒಂದು ಬುದ್ಧಿ ಬಂತು.

ಕಂಪ್ಯೂಟರ್ ಬಂದಾಗ ಆ ಟೈಪ್‌ರೈಟರುಗಳನ್ನೆಲ್ಲಾ ಗುಜರಿಗೆ ಹಾಕಿಸಿದವಳು ನಾನೇ. ಮಾವ ಏನೂ ಅಡ್ಡಿ ಮಾಡ್ಲಿಲ್ಲ. ಗಾಡಿ ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಂಡು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಿನ್ನ ವಿಂಡೋಸ್‌ಗೂ ಒಂದಿನ ಸೊಸೆ ಬರ್ತಾಳೆ, ನೋಡ್ತಿರು" ಅಂದ್ರು. ನನಗೆ ಉರಿದು ಹೋಯ್ತು. ಆಗ ನನ್ನ ಕಣ್ಣಿಗೆ ಅದು ಸೂರ್ಯ ಚಂದ್ರ ಇರೋ ತನಕ ಇರೋ ವಸ್ತು. ಈಗ ಮಾವ ಇಲ್ಲ. ಇದ್ದಿದ್ರೆ ಆ ಸಂದೇಶ ತೋರಿಸಿ ಕಾಲಿಗೆ ಬೀಳ್ತಿದ್ದೆ.

ಜಗಳೂರಿನಲ್ಲಿ ನನ್ನ ತಮ್ಮ ಹೈಸ್ಕೂಲ್ ಮೇಷ್ಟ್ರು. ಫೋನಿನಲ್ಲಿ ನನ್ನ ಗೋಳು ಕೇಳಿ, "ಅಕ್ಕಾ, ವಿಂಡೋಸ್ ತೆಗೆದು ಬಿಸಾಕು. ಪುಕ್ಕಟೆ ಸಿಗೋದು ಬೇರೆ ಐತೆ, ಹಳೇ ಯಂತ್ರದಾಗೂ ಓಡ್ತೈತೆ. ನಮ್ಮ ಶಾಲೇಲಿ ಅದೇ ಹಾಕೀನಿ" ಅಂದ. ಭಾನುವಾರ ಬಸ್ಸಿಗೆ ಬಂದು, ಊಟ ಮಾಡಿದ್ದು ಬಿಟ್ರೆ ಕುರ್ಚಿ ಬಿಟ್ಟು ಏಳದಂಗೆ ಕೂತು ಒಂದೊಂದಕ್ಕೂ ಹಾಕಿದ. ಮೂಲೇಲಿದ್ದ ಒಂದನ್ನ ಮಾತ್ರ ನಾನು ಮುಟ್ಟಗೊಡಲಿಲ್ಲ. "ಇದು ಹಂಗೇ ಇರ್ಲಿ ಬಿಡೋ" ಅಂದೆ. "ಯಾಕಕ್ಕಾ, ನಂಬಿಕೆ ಇಲ್ವಾ?" ಅಂದ. "ಇರ್ಲಿ ಅಂದ್ರೆ ಇರ್ಲಿ" ಅಂದೆ. ಅದರ ಮೇಲೆ ಒಂದು ಬಟ್ಟೆ ಮುಚ್ಚಿ ಇಟ್ಟೆ.

ಊರಾಗೆ ಸುದ್ದಿ ಹಬ್ಬಾಕೆ ಎಷ್ಟು ಹೊತ್ತು? ಆ ಯಮ್ಮನ ಸೆಂಟರಿನಲ್ಲಿ ಒರಿಜಿನಲ್ ಕಂಪ್ಯೂಟರ್ ಇಲ್ವಂತೆ, ಡೂಪ್ಲಿಕೇಟ್ ಅಂತೆ! ಒಬ್ಬ ಯಜಮಾನ್ರು ಮಗಳನ್ನ ಕರ್ಕೊಂಡು ಹೋಗಾಕೇ ಬಂದ್ರು. "ನಾಳೆ ಆಫೀಸಿನಾಗೆ ವಿಂಡೋಸ್ ಇದ್ರೆ ನಮ್ಮ ಹುಡುಗಿ ಏನ್ ಮಾಡ್ಬೇಕ್ರಿ?" ಅಂದ್ರು. ನಾನೂ ಬಿಡ್ಲಿಲ್ಲ. "ಯಜಮಾನ್ರೆ, ಹಿಂದೆ ನಿಮ್ಮೂರಾಗೆ ಗೌಡ್ರ ಮನೇಲಿ ಒಂದೇ ಫೋನ್ ಇತ್ತಲ್ಲ, ಊರೆಲ್ಲಾ ಅಲ್ಲೇ ಹೋಗಿ ಕಾಯ್ತಿತ್ತಲ್ಲ, ಈಗ ಯಾರಾದ್ರೂ ಹೋಗ್ತಾರಾ? ಗೌಡ್ರ ಜೊತೆ ಯಾರಾದ್ರೂ ಜಗಳ ಆಡಿದ್ರಾ? ಇಲ್ಲ. ಎಲ್ಲರ ಜೇಬಿಗೂ ಫೋನ್ ಬಂತು, ಹೋಗೋದು ನಿಂತ್ಹೋತು. ಇದೂ ಹಂಗೇ ಆಗ್ತೈತೆ. ಮಂಡಿಯವ್ರು ಲೆಕ್ಕ ಮೊಬೈಲಿನಾಗೆ ಬರೀತಾರೆ, ಮಕ್ಕಳು ಪಾಠ ಮೊಬೈಲಿನಾಗೆ ಓದ್ತಾರೆ. ಗೌಡ್ರ ಮನೆ ನಿಂತಿರ್ತೈತೆ, ಬಾಗಿಲಿಗೆ ಹೋಗೋರು ಇರಾದಿಲ್ಲ, ಅಷ್ಟೇ" ಅಂದೆ. ಅವ್ರು ಹ್ಞೂಂ ಹ್ಞೂಂ ಅಂತ ಎಲ್ಲಾ ಕೇಳಿ ಮಗಳನ್ನ ಕರ್ಕೊಂಡೇ ಹೋದ್ರು.

ನಾಯಿ ಬೊಗಳಿದ್ರೆ ದೇವಲೋಕ ಹಾಳಾ ಅಂದ್ಕೊಂಡೆ. ಆದ್ರೂ ಅವ್ರು ಕೇಳಿದ ಪ್ರಶ್ನೆ ಮರೆಯಾಕಾಗಲಿಲ್ಲ. ಯಾಕಂದ್ರೆ ಬಿಡದೆ ಬರ್ತಿದ್ದೋರ ಪೈಕಿ ಉಬ್ರಾಣಿಯ ಸೊಸೆ ಒಬ್ಳಿದ್ಲು.

ಅವಳ ತವರು ಸವಳಂಗ, ಕೊಟ್ಟಿದ್ದು ಉಬ್ರಾಣಿಗೆ. ಪಿಯುಸಿ ಮುಗಿಸಿದ್ಲು. ಅತ್ತೆ ಸೊಸೆ ಇಬ್ರೂ ಸುಗ್ಗೀಲಿ ಖೇಣಿ ಮನೆಗೆ, ಅಂದ್ರೆ ತೋಟದ ಫಸಲು ಗುತ್ತಿಗೆ ಹಿಡಿದೋರ ಮನೆಗೆ, ಅಡಿಕೆ ಸುಲಿಯಾಕೆ ಹೋಗೋರು. ಮಣೆಗೆ ನಿಲ್ಲಿಸಿದ ಕತ್ತಿ, ಅದರ ಮುಂದೆ ಬೆಳಿಗ್ಗೆಯಿಂದ ಕೂತ್ರೆ ಸೊಂಟ ಹಿಡಕೊಂಡೇ ಏಳಬೇಕು. "ನನಗೆ ಕುರ್ಚಿ ಮೇಲೆ ಕೂತು ಮಾಡೋ ಕೆಲಸ ಬೇಕ್ರಿ ಅಕ್ಕೋರೆ" ಅಂತ ಬಂದ ಮೊದಲ ದಿನಾನೇ ಹೇಳಿದ್ಲು. ಅತ್ತೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಮುಂದಿನ ಸುಗ್ಗಿ ಶುರುವಾಗೋದ್ರೊಳಗೆ ಕೆಲಸ ಸಿಕ್ರೆ ಸರಿ, ಇಲ್ದಿದ್ರೆ ಬಾಯಿ ಮುಚ್ಕೊಂಡು ಬಂದು ಕತ್ತಿ ಮುಂದೆ ಕೂರಬೇಕು.

ಮಾವನಂಗೇ ನಾನೂ ಟವೆಲ್ ಹೊದಿಸಿದಾಗ ಎಲ್ಲಾ ಹುಡುಗೇರೂ ಗೊಣಗೋರು, ಇವಳು ಗೊಣಗಲಿಲ್ಲ. "ಅಡಿಕೆ ಸುಲಿಯೋರು ಕತ್ತಿ ನೋಡ್ತಾರೇನ್ರಿ? ಊರ ಸುದ್ದಿ ಎಲ್ಲಾ ಮಾತಾಡ್ತಾ ಇರ್ತಾರೆ, ಕೈ ತನ್ನ ಪಾಡಿಗೆ ತಾನು ಸುಲೀತಿರ್ತೈತೆ. ನೋಡಿದ್ರೇನೇ ಬೆರಳು ಕೊಯ್ಕೊಳ್ಳೋದು" ಅಂದ್ಲು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಮೌಸ್ ಮುಟ್ಟಬಾರದು ಅಂದೆ. ಉಳಿಸೋದು, ದಪ್ಪ ಅಕ್ಷರ ಮಾಡೋದು, ಕೋಷ್ಟಕ ಹಾಕೋದು, ಪ್ರಿಂಟ್ ಕೊಡೋದು, ಎಲ್ಲಾ ಕೀಲಿಯಿಂದಾನೇ. ಪರದೆ ಮೇಲಿನ ಚಿತ್ರ ಇವತ್ತು ಇಲ್ಲಿರ್ತೈತೆ, ನಾಳೆ ಅಲ್ಲಿರ್ತೈತೆ, ಕೀಲಿ ಎಲ್ಲಿಗೂ ಹೋಗಲ್ಲ ಅಂತ ಹೇಳಿದೆ.

ಸುಗ್ಗಿ ಹತ್ರ ಬಂತು. ಹೊನ್ನಾಳಿಯ ಒಂದು ಸಹಕಾರ ಸಂಘದವ್ರು ತಮ್ಮ ಚನ್ನಗಿರಿ ಶಾಖೆಗೆ ಕಂಪ್ಯೂಟರ್ ಕೆಲಸಕ್ಕೆ ಒಬ್ರನ್ನ ತಗೊಳ್ತಾರೆ ಅಂತ ಗೊತ್ತಾಯ್ತು. ಪರೀಕ್ಷೆ ಹೊನ್ನಾಳೀಲೇ. ಅವಳ ಅತ್ತೆ ನನಗೆ ಫೋನ್ ಮಾಡಿ, "ಅಕ್ಕೋರೆ, ನೀವೂ ಜೊತೆಗೆ ಹೋಗ್ರಿ. ಇದೊಂದೇ ಸಲ ನೋಡ್ರಿ, ಆಮೇಲೆ ನಾನು ಕಳಿಸಾದಿಲ್ಲ" ಅಂದ್ಲು. ಆ ದನಿ ಕೇಳಿ ಮೈ ಉರೀತು. ಎಂಥಾ ಗಟ್ಟಿಗಿತ್ತಿ ಅತ್ತೆಯಪ್ಪಾ ಅಂದ್ಕೊಂಡೆ.

ನ್ಯಾಮತಿ ಮೇಲೆ ಹೋಗೋ ಬಸ್ಸು ಸಿಕ್ತು. ದಾರಿ ಉದ್ದಕ್ಕೂ ಅವಳು ಮಾತಾಡ್ಲಿಲ್ಲ, ನಾನು ಬಾಯಿ ಮುಚ್ಚಲಿಲ್ಲ. ಎಲ್ಲಾ ಕಂಪ್ಯೂಟರೂ ಒಂದೇ ಕಣೇ, ಹೆದರಬೇಡ ಅಂತ ಹೇಳಿದ್ದೇ ಹೇಳಿದೆ.

ಪರೀಕ್ಷೆ ಕೋಣೆಗೆ ನಾನು ಹೋಗಂಗಿರಲಿಲ್ಲ. ಹೊರಗೆ ಕಿಟಕಿ ಹತ್ರ ಬೆಂಚಿತ್ತು, ಕೂತು ಇಣುಕಿದೆ. ಎಲ್ಲಾ ಹೊಚ್ಚ ಹೊಸ ವಿಂಡೋಸ್! ನಾನೇ ಸರಿಯಾಗಿ ಕಂಡಿರಲಿಲ್ಲ. ಎಡಗಡೆ ಮೂಲೇಲಿ ಇರಬೇಕಾದ ಗುಂಡಿ ನಡುವೆ ಬಂದು ಕೂತೈತೆ. ಬಣ್ಣ ಬೇರೆ, ಚಿತ್ರ ಬೇರೆ. ವಿಂಡೋಸ್‌ನಲ್ಲೇ ಕಲಿತ ಹುಡುಗ್ರೇ, "ಸಾರ್, ನಮ್ ಸೆಂಟರಾಗೆ ಹಿಂಗಿರಲಿಲ್ಲ" ಅಂತ ಗೋಗರೀತಿದ್ರು. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ ಅಂತ ಬೇರೆ ದಿನ ಆಗಿದ್ರೆ ನಗ್ತಿದ್ದೆ. ಆವತ್ತು ನಗು ಬರಲಿಲ್ಲ. ಮೂಲೆಯ ಆ ಕಂಪ್ಯೂಟರಿನ ಬಟ್ಟೆ ತೆಗೆದು ಇವಳನ್ನ ನಾಲ್ಕು ದಿನ ಕೂರಿಸಬಾರದಿತ್ತಾ ನಾನು? ಆ ಯಜಮಾನ್ರು ಹೇಳಿದ್ದು ಇದೇ ಅಲ್ವಾ? ಶಿವನೇ, ಈ ಹುಡುಗಿಯ ಸೊಂಟ ಮತ್ತೆ ಕತ್ತಿ ಮುಂದೆ ಬಗ್ಗದಂಗೆ ಮಾಡಪ್ಪಾ ಅಂತ ಬೇಡ್ಕೊಂಡೆ.

ಅವಳು ಪರದೆ ನೋಡಿದ್ಲು. ಆ ಕಡೆ ಈ ಕಡೆ ನೋಡಿದ್ಲು. ಆಮೇಲೆ ಹೆಗಲ ಮೇಲಿದ್ದ ವೇಲ್ ತೆಗೆದು ಕೀಲಿಮಣೆ ಮೇಲೆ ಹೊದಿಸಿ, ಅದರ ಕೆಳಗೆ ಎರಡೂ ಕೈ ತೂರಿಸಿದ್ಲು.

ಪರೀಕ್ಷೆ ನೋಡ್ಕೊಳ್ತಿದ್ದೋರು ಓಡಿ ಬಂದ್ರು. "ಏನಮ್ಮಾ, ವೇಲ್ ಕೆಳಗೆ ಏನಿಟ್ಕೊಂಡೀಯಾ? ತೆಗಿ!" ಅಂತ ಅವ್ರೇ ವೇಲ್ ಎತ್ತಿದ್ರು. ಅಲ್ಲಿ ಬೆರಳು ಬಿಟ್ರೆ ಏನೂ ಇರಲಿಲ್ಲ.

"ನೋಡಿದ್ರೆ ಹೆದರಿಕೆ ಆಗ್ತೈತ್ರಿ ಸಾರ್. ಮುಚ್ಚಿದ್ರೆ ಕೈ ಓಡ್ತೈತೆ. ನಮ್ ಅಕ್ಕೋರು ಹಿಂಗೇ ಕಲಿಸಿದ್ದು" ಅಂದ್ಲು.

"ಹ್ಞೂಂ, ಮಾಡು ಮತ್ತೆ" ಅಂದು ವೇಲನ್ನ ಅವ್ರೇ ಇದ್ದಂಗೆ ಹೊದಿಸಿದ್ರು. ಆಮೇಲೆ ಅವಳು ತಲೆ ಎತ್ತಲಿಲ್ಲ. ಕೋಷ್ಟಕ ಬಂತು, ಉಳಿಸಿದ್ಲು, ಪ್ರಿಂಟ್ ಕೊಟ್ಲು. ಮೌಸ್ ಹತ್ರ ಕೈ ಹೋಗಲಿಲ್ಲ. ನನ್ನ ಹೊಟ್ಟೆಗೆ ಹಾಲು ಹುಯ್ದಂಗಾತು. ಕಿಟಕಿ ಹೊರಗೆ ನಾನೊಬ್ಳೇ ಕೂತು ಕಣ್ಣು ಒರೆಸ್ಕೊಂಡೆ, ನೋಡಿದೋರು ಏನಾದ್ರೂ ಅಂದ್ಕೊಳ್ಲಿ.

ಸಂಜೆಗೇ ಹೇಳಿದ್ರು, ಕೆಲಸ ಅವಳಿಗೇ ಅಂತ. ಬಸ್ ಸ್ಟ್ಯಾಂಡಿಗೆ ಬಂದು ಅವಳ ಅತ್ತೆಗೆ ನಾನೇ ಫೋನ್ ಹಚ್ಚಿದೆ. ಸ್ವಲ್ಪ ಕುಟುಕಬೇಕು ಅಂತಾನೂ ಇತ್ತು. "ನೋಡವ್ವಾ, ನಿನ್ನ ಸೊಸೆಗೆ ಕೆಲಸ ಸಿಕ್ತು. ಆ ಕತ್ತಿ ಇನ್ನು ಎತ್ತಿಡು" ಅಂದೆ.

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು. ಆಮೇಲೆ, "ಕತ್ತಿ ಎಲ್ಲೈತ್ರಿ ಅಕ್ಕೋರೆ? ಅವಳು ಬೆಳಿಗ್ಗೆ ಬಸ್ ಹತ್ತಿದ ಕೂಡ್ಲೇ ಪಕ್ಕದ ಮನೆಯೋಳಿಗೆ ಕೊಟ್ಬಿಟ್ಟೆ. ಮನೇಲಿದ್ರೆ ನನ್ನ ಮನಸ್ಸು ಅದರ ಕಡೇನೇ ಎಳೀತೈತೆ ಅಂತ" ಅಂದ್ಲು.

ಗೌಡ್ರ ಮನೆ ಫೋನಿನ ಕಥೆ ಹೇಳ್ಕೊಂಡು, ಮೂಲೇಲೊಂದು ವಿಂಡೋಸ್ ಮುಚ್ಚಿಟ್ಕೊಂಡು ತಿರುಗಿದೋಳು ನಾನು. ಒಂದು ಮಾತೂ ಆಡದೆ ಕತ್ತಿ ಕೊಟ್ಟು ಕೂತೋಳು ಆ ಅತ್ತೆ.

ಮಾರನೇ ದಿನ ಸೆಂಟರಿನ ಬಾಗಿಲು ತೆಗೆದು ಮೊದಲು ಮಾಡಿದ್ದು ಜಗಳೂರಿಗೆ ಫೋನು. "ಭಾನುವಾರ ಬಾರೋ. ಮೂಲೇದೊಂದು ಉಳಿದೈತಲ್ಲ, ಅದರಾಗೂ ವಿಂಡೋಸ್ ತೆಗೆದುಬಿಡು" ಅಂದೆ.