ಆ ಶುಕ್ರವಾರದ ಗಾಳಿ ನಾನು ನೋಡಿಲ್ಲ

ಆ ಶುಕ್ರವಾರ ಮಧ್ಯಾಹ್ನ ನಾನು ತಾರಸಿಯ ಮೇಲೆ ಇರಲಿಲ್ಲ, ರಂಗಣ್ಣ ಸಾರ್. ಪುಸ್ತಕದಲ್ಲಿ ಬರೆದ ಗಾಳಿ ನನ್ನ ಸುಳ್ಳು. ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಪಲ್ಲಾವರಂನಲ್ಲಿ ರನ್‌ವೇ ಕಾಣುವ ಆ ಮನೆ ಇನ್ನೂ ಹಾಗೇ ಇದೆ. ನೆಲದ ಹತ್ತಿರ ಗಾಳಿ ತಟ್ಟನೆ ತಿರುಗಿದರೆ ಇಳಿಯುವ ವಿಮಾನಕ್ಕೆ ಅಪಾಯ; ರನ್‌ವೇಯ ಆ ತುದಿಗೆ ಗಾಳಿ ಅಳೆಯುವ ಯಂತ್ರ ಬೇಕೋ ಬೇಡವೋ ಎಂದು ವಿಮಾನ ನಿಲ್ದಾಣದವರಿಗೆ ನೀವು ಹೇಳಬೇಕಿತ್ತು. ಹವಾಮಾನದ ಕೆಲಸದಿಂದ ರಿಟೈರ್ ಆಗಿದ್ದಿರಿ. ಎಂಟನೇ ಕ್ಲಾಸ್ ಫೇಲಾದ ನನ್ನನ್ನು, ಪೆರಂಬೂರಿನಲ್ಲಿ ಪಕ್ಕದ ಮನೆಯವನು ಅಂತ, ಜೊತೆಗೆ ಕರೆದುಕೊಂಡಿರಿ. ಆ ಮನೆಯ ತಾರಸಿಯಲ್ಲಿ ಉದ್ದದ ಕಂಬಕ್ಕೆ ಎರಡು ಬಟ್ಟೆಪಟ್ಟಿ—ಕೆಳಗೆ ಕೆಂಪು, ತುದಿಗೆ ಹಳದಿ. ಬೇರೆ ಬೇರೆ ಕಡೆ ಹಾರಿದರೆ ಅಪಾಯ. ಹತ್ತು ನಿಮಿಷಕ್ಕೊಮ್ಮೆ ನೋಡಿ ಬರೆಯುವುದು, ಅಷ್ಟೇ ನನ್ನ ಕೆಲಸ.

ಮಧ್ಯಾಹ್ನ ಕಡಲಗಾಳಿ ಬರುತ್ತಿತ್ತು. ಆ ತಂಪು, ನಿಮ್ಮ ಡಬ್ಬಿಯ ಮೊಸರನ್ನ—ಅಂಥ ಸುಖ ಮತ್ತೆ ಸಿಕ್ಕಿಲ್ಲ. "ಬಂದ್ಲು ನೋಡೋ ಮಹಾರಾಯ್ತಿ, ಇವತ್ತೂ ಲೇಟು," ಎಂದು ಗಾಳಿಯನ್ನೇ ಬೈಯುತ್ತಿದ್ದಿರಿ.

ಆ ದಿನ ನೀವು ಮೀಟಿಂಗಿಗೆ ಹೋದಿರಿ. ನಾನು ಶುಕ್ರವಾರದ ಸಂತೆಗೆ ಹೋದೆ, ಬೈಕಿಗೆ ಹಳೇ ಸೈಲೆನ್ಸರ್ ಹುಡುಕಲು. ಕಡಲಗಾಳಿ ದಿನಾ ಬರುವುದೇ ತಾನೇ? ಗುರುವಾರದ ಪುಟ ನೋಡಿ ಶುಕ್ರವಾರದ್ದು ತುಂಬಿಸಿದೆ.

ಅದೇ ಮಧ್ಯಾಹ್ನ ಒಂದು ವಿಮಾನ ಇಳಿಯಲು ಬಂದು, ಧಡಕ್ಕನೆ ಕುಸಿದು, ಮತ್ತೆ ಮೇಲೆದ್ದು ಹೋಗಿತ್ತು. ಗಾಳಿ ತಿರುಗಿತು ಎಂದು ಪೈಲಟ್ ಬರೆದುಕೊಟ್ಟರು. ನಮ್ಮ ಪುಸ್ತಕದಲ್ಲಿ ಎರಡು ಬಟ್ಟೆಯೂ ಒಂದೇ ಕಡೆ.

"ಸೀನ, ನೀನೇ ನೋಡಿ ಬರ್ದಿದ್ದಾ?"

"ನಾನೇ ಸಾರ್."

"ಸಾಕು ಬಿಡಪ್ಪಾ."

ಅಷ್ಟೇ ಕೇಳಿದಿರಿ. ಪೈಲಟ್ ತಪ್ಪು ತಿಳಿದಿರಬೇಕು, ನನ್ನ ಹುಡುಗ ಸುಳ್ಳು ಬರೆಯುವುದಿಲ್ಲ ಎಂದು ಎಲ್ಲರೆದುರು ಹೇಳಿದಿರಿ. ಯಂತ್ರ ಬೇಡವೆಂದಾಯಿತು. ಮುಂದಿನ ಬೇಸಿಗೆಯಲ್ಲಿ ಇನ್ನೆರಡು ವಿಮಾನ ಹಾಗೇ ಕುಸಿದು ಎದ್ದವು. ಯಾರೂ ಸಾಯಲಿಲ್ಲ—ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಆಮೇಲೆ ಯಂತ್ರ ಬಂತು. ನಿಮ್ಮನ್ನು ಮಾತ್ರ ಯಾರೂ ಮತ್ತೆ ಕರೆಯಲಿಲ್ಲ. ಗಾಳಿ ಗೊತ್ತಿಲ್ಲದ ಮುದುಕ ಅಂದರಂತೆ. ಅದನ್ನು ನೀವೇ ನಗುತ್ತಾ ನನಗೆ ಹೇಳಿದಿರಿ. ಆಗಲೂ ನಾನು—

ನಿನ್ನೆ ವಿಮಾನ ನಿಲ್ದಾಣದ ಆಫೀಸಿಗೆ ಹೋಗಿ, ತಪ್ಪು ನನ್ನದು, ಸಾರ್‌ದಲ್ಲ ಎಂದು ಸಹಿ ಹಾಕಿ ಕೊಟ್ಟೆ. ನಾಳೆ ಈ ಕಾಗದ ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ.