ಗೋಡೆಗೆ ಮೂರು ಏಟು

ಮಿತಿ ಎಂಬ ಪದ ಕೇಳಿದರೆ ನನ್ನ ಮೈ ಇಂದಿಗೂ ಉರಿಯುತ್ತದೆ. ದಾಂಡೇಲಿಯ ಕಾರ್ಖಾನೆ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ನಾನು ಬೆಳೆದೆ, ಅಪ್ಪನಿಗೆ ಆ ಪದ ಬಾಯಿಪಾಠ. ಊಟಕ್ಕೆ ಎರಡೇ ರೊಟ್ಟಿ, ದಿನಕ್ಕೆ ಎರಡೇ ಚಹಾ. ಬೀಡಿಯನ್ನೂ ಅರ್ಧ ಸೇದಿ, ಆರಿಸಿ, ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. “ಎಲ್ಲಾ ಮಿತಿಯೊಳಗ ಇರಬೇಕು,” ಅನ್ನುತ್ತಿದ್ದ. ಅವ್ವನನ್ನು ಹೊಡೆಯುವುದನ್ನೂ ಮಿತಿಯೊಳಗೇ ಇಟ್ಟಿದ್ದ ಮಹಾನುಭಾವ.

ಆ ಮಿತಿಯನ್ನು ಕಾಯುತ್ತಿದ್ದುದು ಗೋಡೆ. ನಮ್ಮ ಲೈನಿನಲ್ಲಿ ಎರಡು ಮನೆಗೆ ಒಂದೇ ಗೋಡೆ. ಯಾರ ಮನೆಯಲ್ಲಾದರೂ ಹೊಡೆತ ಜೋರಾದರೆ ಪಕ್ಕದವರು ಲಟ್ಟಣಿಗೆಯಿಂದ ಗೋಡೆಗೆ ಮೂರು ಸಲ ಕುಟ್ಟಬೇಕು. ಸಾಕು ಎಂದು ಅರ್ಥ. ಒಳಗೆ ಹೋಗಿ ಬಿಡಿಸುವಂತಿಲ್ಲ, ಅದು ಇನ್ನೊಬ್ಬರ ಸಂಸಾರ. ನಮ್ಮ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್‌ನ ಹೆಂಡತಿ, ನಮಗೆಲ್ಲ ಚಾಚಿ. ಅವಳು ಕುಟ್ಟಿದಳೆಂದರೆ ಅಪ್ಪ ಬೆಲ್ಟನ್ನು ಗೂಟಕ್ಕೆ ಹಾಕಿ, ಕೈ ತೊಳೆದು, ಊಟಕ್ಕೆ ಕೂರುತ್ತಿದ್ದ. ಲೈನಿನ ಹಿರಿಯರಿಗೆ ಅವನ ಮೇಲೆ ಬಹಳ ಗೌರವ. “ಛಲೋ ಮನಶ್ಯಾ, ಮಿತಿ ಮೀರಂಗಿಲ್ಲ,” ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಚಾಚಿಯ ಮನೆಯವರೆಲ್ಲ ಹಳಿಯಾಳಕ್ಕೆ ಮದುವೆಗೆ ಹೋಗಿದ್ದರು. ಅಪ್ಪ ತಾಟು ಎಸೆದು ಬೆಲ್ಟ್ ಬಿಚ್ಚಿದ. ಹೊಡೆದ, ಹೊಡೆಯುತ್ತಲೇ ಹೋದ. ನಡುನಡುವೆ ಗೋಡೆಯ ಕಡೆ ನೋಡುತ್ತಿದ್ದ. ಗೋಡೆ ಸುಮ್ಮನಿತ್ತು. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತಿಳಿದೇ ಇಲ್ಲ ಅನ್ನುವುದು ನನಗೆ ಆಗ ಗೊತ್ತಾಯಿತು. ಬಕಲ್ ಅವ್ವನ ಎಡಗಿವಿಗೆ ಬಡಿದು ರಕ್ತ ಕುತ್ತಿಗೆಗೆ ಇಳಿಯಿತು. ಅವ್ವ ಸತ್ತೇ ಹೋಗುತ್ತಾಳೆಂದು ಹೆದರಿ, ಲಟ್ಟಣಿಗೆ ಎತ್ತಿಕೊಂಡು ನಮ್ಮ ಕಡೆಯಿಂದಲೇ ಗೋಡೆಗೆ ಮೂರು ಸಲ ಕುಟ್ಟಿದೆ.

ಅಪ್ಪನ ಕೈ ನಿಂತಿತು. ತಿರುಗಿ ನೋಡಿದ, ಕುಟ್ಟಿದ್ದು ನಾನು. ಅದೇ ಲಟ್ಟಣಿಗೆ ಕಸಿದು ನನ್ನ ಮಣಿಕಟ್ಟು ಮುರಿದ. ಸಂಜೆ ಹಿರಿಯರು ಬಂದು ನನಗೇ ಬುದ್ಧಿ ಹೇಳಿದರು: “ಹೆಣ್ಣಮಕ್ಕಳು ಮಿತಿಯೊಳಗ ಇರಬೇಕವಾ.” ಪ್ಲಾಸ್ಟರ್ ಕಟ್ಟಿದ ಕೈ ಹಿಡಿದು ಕೂತಿದ್ದ ನನಗೆ ಅವರನ್ನೆಲ್ಲ ಕಚ್ಚಿಬಿಡಬೇಕು ಅನ್ನಿಸಿತ್ತು.

ಅಪ್ಪ ತೀರಿಹೋಗಿ ವರ್ಷಗಳಾದವು. ಅವ್ವ ಈಗ ಮುಂಡಗೋಡದಲ್ಲಿ ನನ್ನ ಬಾಡಿಗೆ ಮನೆಯಲ್ಲಿದ್ದಾಳೆ. ಎಡಗಿವಿ ಕೇಳಿಸುವುದಿಲ್ಲ. ಕಳೆದ ವಾರ ಸಂತೆಯಿಂದ ಬಂದು ಚಪಾತಿ ಲಟ್ಟಿಸುತ್ತಿದ್ದೆ. ಪಕ್ಕದ ಮನೆಯಲ್ಲಿ ಪಾತ್ರೆಗಳು ಬಿದ್ದವು, ಹೆಂಗಸೊಬ್ಬಳು ಚೀರಿದಳು. ಆಮೇಲೆ ಬೆಲ್ಟಿನ ಸದ್ದು. ಅದು ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಲಟ್ಟಣಿಗೆ ಹಿಡಿದ ಕೈ ತಾನಾಗಿಯೇ ಗೋಡೆಗೆ ಹೋಯಿತು. ಒಂದು, ಎರಡು.

ಮೂರನೆಯದಕ್ಕೆ ಅವ್ವ ಎದ್ದು ಬಂದು ನನ್ನ ಕೈ ಹಿಡಿದಳು. ಅವಳ ದನಿ ಅಷ್ಟು ಏರಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಗ್ವಾಡಿ ಯಾಕ ಬಡೀತಿ? ಹೋಗಿ ಬಾಗಲಾ ಒಡಿ.”