ಬ್ರೇಕ್ ಹಾಕಿದರೆ ನೀರು ಎತ್ತ ಹೋಗುತ್ತದೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಇಟ್ಟಿಗೆ ತುಂಬಿತ್ತು ಎಂದು ನನ್ನ ನೆನಪು. ಜಲ್ಲಿ ಎನ್ನುತ್ತಾಳೆ ಅಕ್ಕ. ಅಮ್ಮ ಅವತ್ತು ಹಸಿರು ಸೀರೆ ಉಟ್ಟಿದ್ದಳು ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆ ದಿನದ ಗೃಹಪ್ರವೇಶದ ಫೋಟೋ ಈಚೆಗೆ ಯಾರೋ ಕಳಿಸಿದರು. ಸೀರೆ ನೀಲಿ. ಸೀರೆಯ ಬಣ್ಣವನ್ನೇ ತಪ್ಪು ಹೇಳುವವಳ ಉಳಿದ ಮಾತನ್ನು ಯಾರು ನಂಬಬೇಕು? ನಾನೇ ಪೂರ್ತಿ ನಂಬುವುದಿಲ್ಲ. ಆದರೂ ಇಳಿಯದ ಸಿಟ್ಟೊಂದು ನನ್ನಲ್ಲಿದೆ. ಅದು ಹುಟ್ಟಿದ್ದು ಗಾಳಿಯಿಂದ ನಡೆಯುವ ಒಂದು ಕುರ್ಚಿಯಲ್ಲಿ.

ಅಪಘಾತದ ಸಂಗತಿ ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಶಿವಮೊಗ್ಗದಲ್ಲಿ ನೆಂಟರ ಗೃಹಪ್ರವೇಶ ಮುಗಿಸಿಕೊಂಡು ಭದ್ರಾವತಿಗೆ ಅಕ್ಕನ ಮನೆಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವರು ಭಾವ, ಅಂದರೆ ಅಕ್ಕನ ಗಂಡ. ಪಕ್ಕದಲ್ಲಿ ಅಕ್ಕ. ಭಾವನ ಹಿಂದೆ ನಾನು, ಅಕ್ಕನ ಹಿಂದೆ ಅಮ್ಮ. ಊಟದ ಮನೆಯವರು ಕಟ್ಟಿಕೊಟ್ಟ ಹುಳಿಯ ಸ್ಟೀಲ್ ಡಬ್ಬಿ ನನ್ನ ತೊಡೆಯ ಮೇಲೆ. ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ಒತ್ತಿ ಹಿಡಿದಿದ್ದೆ. ಮುಂದೆ ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು. ಕಾರು ಒಮ್ಮೆಲೇ ಬಲಕ್ಕೆ ಹೊರಳಿತು, ಟ್ರೇಲರಿನ ಮೂಲೆ ನಮ್ಮ ಎಡಗಡೆಯ ಹಿಂಬಾಗಿಲನ್ನು ಒಳಕ್ಕೆ ತಳ್ಳಿತು. ಅಮ್ಮನ ಸೊಂಟದ ಮೂಳೆ ಮುರಿಯಿತು. ಅವಳು ಇವತ್ತಿಗೂ ವಾಕರ್ ಹಿಡಿದೇ ಓಡಾಡುತ್ತಾಳೆ.

ಆಸ್ಪತ್ರೆಯ ವರಾಂಡದಲ್ಲಿ ನೆಂಟರು ಸೇರುವ ಹೊತ್ತಿಗೆ ಭಾವನ ಮಾತು ತಯಾರಾಗಿತ್ತು. "ನಾನು ಬ್ರೇಕ್ ಹಾಕಿ ನಿಲ್ಲಿಸ್ತಾ ಇದ್ದೆ. ಇನ್ನೇನು ನಿಂತೇಬಿಡ್ತು ಅನ್ನೋವಾಗ ಇವಳು ಕಿರುಚ್ಕೊಂಡು ಸ್ಟೀರಿಂಗ್ ತಳ್ಳಿಬಿಟ್ಲು." ಅಕ್ಕನ ಹಣೆ ಪಕ್ಕದ ಕಿಟಕಿಯ ಗಾಜಿಗೆ ಬಡಿದಿತ್ತು, ಅವಳಿಗೆ ಏನೂ ನೆನಪಿರಲಿಲ್ಲ. ಅಮ್ಮ ತೂಕಡಿಸುತ್ತಿದ್ದಳು. ನನ್ನ ಕಣ್ಣು ಡಬ್ಬಿಯ ಮುಚ್ಚಳದ ಮೇಲಿತ್ತು. ಹಾಗಾಗಿ ಹೇಳಿದವರು ಒಬ್ಬರೇ, ಅವರು ಹೇಳಿದ್ದೇ ನಡೆದದ್ದಾಯಿತು. "ಬ್ರೇಕ್ ಹಾಕಿದ್ದನಂತೆ ಪಾಪ," ಎಂದು ದೊಡ್ಡಮ್ಮ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಅಕ್ಕನೂ ನಂಬಿದಳು. ನೆನಪಿಲ್ಲದವಳು ಇನ್ನೇನು ಮಾಡಿಯಾಳು?

ಅವಳು ಆಗ ಕಾರು ಕಲಿಯುತ್ತಿದ್ದಳು. ಬಿಟ್ಟಳು. ಅವತ್ತಿನಿಂದ ಮುಂದಿನ ಸೀಟಿನಲ್ಲಿ ಕೂತಿಲ್ಲ. ಯಾವ ಮದುವೆಗೆ ಹೊರಟರೂ ಭಾವ ಬಾಗಿಲು ತೆಗೆದು, "ಹಿಂದೆ ಹತ್ತು ಮಾರಾಯ್ತಿ, ಕಾರಿಗೆ ಸ್ಟೀರಿಂಗ್ ಒಂದೇ ಇರೋದು," ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಅಕ್ಕನೂ ನಗುತ್ತಾಳೆ. ಅಮ್ಮ ಈಗ ನನ್ನ ಜೊತೆ ಶಿವಮೊಗ್ಗದ ಆಲ್ಕೊಳದಲ್ಲಿದ್ದಾಳೆ. ಅಕ್ಕ ವಾರವಾರ ಬಸ್ಸು ಹಿಡಿದು ಬಂದು, ಅಮ್ಮನ ಕಾಲಿಗೆ ಎಣ್ಣೆ ತಿಕ್ಕಿ, ಬಟ್ಟೆ ಒಗೆದು ಹೋಗುತ್ತಾಳೆ. ವಾಷಿಂಗ್ ಮೆಷಿನ್ ಇದೆಯಲ್ಲ ಎಂದರೆ, "ಕೈಯಲ್ಲೇ ಒಗೀತೀನಿ ಬಿಡೇ," ಎನ್ನುತ್ತಾಳೆ. ಅಮ್ಮ ಬೇಡ ಎನ್ನುವುದಿಲ್ಲ. ಒಮ್ಮೆ ನಾನು ಅಡ್ಡ ಬಂದಾಗ, "ಮಾಡ್ಲಿ ಬಿಡು, ಅವಳಿಗೂ ಸಮಾಧಾನ ಆಗತ್ತೆ," ಎಂದಳು. ಸಮಾಧಾನವಂತೆ! ಆ ಮಾತಿಗೆ ನಾನು ಅಮ್ಮನನ್ನೂ ಕ್ಷಮಿಸಿಲ್ಲ.

ಇನ್ನು ಕುರ್ಚಿ. ಭದ್ರಾವತಿಯ ಜನ್ನಾಪುರದಲ್ಲಿ ಭಾವನದು ಟೈರ್ ಅಂಗಡಿ, ವೀಲ್ ಅಲೈನ್‌ಮೆಂಟೂ ಮಾಡುತ್ತಾರೆ. ಅವರಿಗೆ ರೇಸಿಂಗ್ ಗೇಮಿನ ಹುಚ್ಚು. ಆಟದಲ್ಲಿ ಕಾರು ತಿರುಗಿದರೆ ವಾಲುವ, ಬ್ರೇಕ್ ಹಾಕಿದರೆ ಮುಂದಕ್ಕೆ ಬಗ್ಗುವ ಕುರ್ಚಿಯ ವಿಡಿಯೊ ನೋಡಿ ನನಗೆ ಫೋನ್ ಮಾಡಿದರು. "ಗಾಳಿ ನಂದು, ಕರೆಂಟು ನಿಂದು. ಗಿರಾಕಿಗಳು ಕಾಯೋವಾಗ ಕೂತು ಆಡ್ಲಿ. ಬಾ ಮೇಡಂ." ನಾನು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಇಷ್ಟು ಸಿಟ್ಟು ಇಟ್ಟುಕೊಂಡು ಹೇಗೆ ಹೋದೆ ಎಂದು ಕೇಳಿದರೆ, ಆಗ ಇಷ್ಟು ಸಿಟ್ಟು ಇರಲಿಲ್ಲ. ಭಾವನ ಜೊತೆ ಕೆಲಸ ಮಾಡುವುದು ಖುಷಿಯೇ. ಅವರು ನಗಿಸುತ್ತಾರೆ.

ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಭಾನುವಾರಗಳು ಕಳೆದವು. ಕಬ್ಬಿಣದ ಚೌಕಟ್ಟು, ಅದರ ನಡುವೆ ಎತ್ತ ಬೇಕಾದರೂ ಬಾಗುವ ಕತ್ತಿನ ಹಾಗೆ ಹಳೆಯ ಜೀಪಿನ ಶಾಫ್ಟಿನ ಕ್ರಾಸ್, ಅದರ ಮೇಲೆ ಗುಜರಿಯಿಂದ ತಂದ ಕಾರಿನ ಸೀಟು. ಸೀಟಿನ ಹಿಂಭಾಗಕ್ಕೆ ಎಡಕ್ಕೊಂದು ಬಲಕ್ಕೊಂದು ಗಾಳಿಯ ಸಿಲಿಂಡರ್. ಎರಡೂ ಮೇಲಕ್ಕೆ ತಳ್ಳಿದರೆ ಕುರ್ಚಿ ಮುಂದಕ್ಕೆ ಬಗ್ಗುತ್ತದೆ. ಒಂದು ತಳ್ಳಿ ಇನ್ನೊಂದು ಎಳೆದರೆ ಪಕ್ಕಕ್ಕೆ ವಾಲುತ್ತದೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರೇ ಇದಕ್ಕೂ ಗಾಳಿ ಕೊಡುತ್ತದೆ. ಆಟದಿಂದ ಬರುವ ಲೆಕ್ಕ ಓದಿ ವಾಲ್ವುಗಳನ್ನು ತೆರೆದು ಮುಚ್ಚುವ ಬೋರ್ಡು ನನ್ನದು.

ಗಾಳಿಯಷ್ಟು ಹಠಮಾರಿ ವಸ್ತು ಇನ್ನೊಂದಿಲ್ಲ. ತಳ್ಳು ಎಂದರೆ ಮೊದಲು ತಾನು ಕುಗ್ಗುತ್ತದೆ, ಆಮೇಲೆ ತಡವಾಗಿ, ಒಮ್ಮೆಲೇ ತಳ್ಳುತ್ತದೆ. ಕುರ್ಚಿ ಒದ್ದಾಡುತ್ತಿತ್ತು. ಭಾವನ ಮದ್ದು ಒಂದೇ: "ಪ್ರೆಶರ್ ಜಾಸ್ತಿ ಮಾಡು." ಮಾಡಿದೆವು. ನೋಡಲು ಬಂದು ಕೂತಿದ್ದ ಪಕ್ಕದ ಬೇಕರಿಯವರ ಕನ್ನಡಕ ಹಾರಿ ಶೆಡ್ಡಿನ ಮೂಲೆಗೆ ಬಿತ್ತು.

"ರೇಸ್ ಕಾರಾ ಇದು, ಕೋಣಾನಾ?" ಎಂದರು ಅವರು, ಇಳಿಯಲೂ ಹೆದರಿ.

ಒಳಗೆ ನುಗ್ಗುವ ಗಾಳಿಯನ್ನು ಬಿಟ್ಟು, ಸಿಲಿಂಡರಿನಿಂದ ಹೊರಗೆ ಹೋಗುವ ಗಾಳಿಯ ಸ್ಕ್ರೂ ಬಿಗಿ ಮಾಡೋಣ ಎಂದು ನಾನು ಹೇಳಿದೆ. ಭಾವ ಎರಡು ವಾರ ಒಪ್ಪಲಿಲ್ಲ. ಕೊನೆಗೆ ಅವರಿಲ್ಲದಾಗ ನಾನೇ ಬಿಗಿ ಮಾಡಿದೆ. ಕುರ್ಚಿ ಮಗುವನ್ನು ಎತ್ತಿಕೊಂಡ ಹಾಗೆ ವಾಲಿತು. ಮುಂದಿನ ಭಾನುವಾರ ಹೋದಾಗ ಭಾವ ನಾಲ್ಕು ಜನರನ್ನು ನಿಲ್ಲಿಸಿಕೊಂಡು, "ಹೊರಗ್ ಹೋಗೋ ಗಾಳಿ ಹಿಡೀಬೇಕು ನೋಡಿ, ಅದೇ ಗುಟ್ಟು. ನಂಗೆ ರಾತ್ರಿ ಮಲಗಿದ್ದಾಗ ಹೊಳೀತು," ಎನ್ನುತ್ತಿದ್ದರು. ನನ್ನನ್ನು ನೋಡಿ ಕಣ್ಣು ತಪ್ಪಿಸಲೂ ಇಲ್ಲ. ಅವರಿಗೆ ನಿಜವಾಗಿಯೂ ಹಾಗೆಯೇ ನೆನಪಿತ್ತು! ಭಾವ ಸುಳ್ಳುಗಾರರಲ್ಲ, ಎಲ್ಲರಿಗಿಂತ ಮೊದಲು ಹೇಳಿಬಿಡುವವರು. ಮೊದಲು ಹೇಳಿದ್ದನ್ನು ಆಮೇಲೆ ತಾವೇ ನಂಬುವವರು. ಅವತ್ತು ನನಗೆ ಆಸ್ಪತ್ರೆಯ ವರಾಂಡ ನೆನಪಾಯಿತು ಎಂದು ಬರೆಯಲು ಆಸೆಯಾಗುತ್ತದೆ. ಆದರೆ ಆಗಲಿಲ್ಲ. ಬರೀ ಹೊಟ್ಟೆ ಉರಿಯಿತು.

ಉಳಿದದ್ದು ಬ್ರೇಕ್. ನಿಜವಾದ ಕಾರಿನಲ್ಲಿ ಬ್ರೇಕ್ ಹಾಕಿದಾಗ ಮೈ ಎಷ್ಟು ಮುಂದೆ ಹೋಗುತ್ತದೋ, ಕುರ್ಚಿ ಅಷ್ಟು ಬಗ್ಗಬೇಕು. ಆಟ ಆಡಿದವರು ತಲೆಗೊಂದು ಹೇಳುತ್ತಿದ್ದರು. ಹಾಗಾಗಿ ಒಂದು ಬೆಳಿಗ್ಗೆ ಭಾವನ ಈಗಿನ ಕಾರಿನಲ್ಲೇ ಅಳೆಯಲು ಹೊರಟೆವು. ನಾನು ಪಕ್ಕದ ಸೀಟಿನಲ್ಲಿ. ಗೇರಿನ ಹತ್ತಿರ ಫೋನನ್ನು ಟೇಪಿನಿಂದ ಅಂಟಿಸಿದ್ದೆ, ಕಾರಿನ ಎಳೆತ ಅದರಲ್ಲಿ ದಾಖಲಾಗುತ್ತಿತ್ತು. ತೊಡೆಯ ಮೇಲೆ ಅಕ್ಕನ ಅಡುಗೆಮನೆಯ ಚೊಂಬು, ಕಂಠದವರೆಗೆ ನೀರು. ಫೋನಿನ ಗೆರೆಗಿಂತ ನೀರು ಚೆನ್ನಾಗಿ ಅರ್ಥವಾಗುತ್ತದೆ, ಶೆಡ್ಡಿನಲ್ಲಿ ಕುರ್ಚಿಯ ಮೇಲೂ ಅದನ್ನೇ ಇಟ್ಟು ನೋಡುತ್ತಿದ್ದೆವು. ಮೊದಲ ಸಲದ ಲೆಕ್ಕ ಪೂರ್ತಿ ಹಾಳು: ದಾರಿಯ ಹಂಪುಗಳೆಲ್ಲ ಸೇರಿಕೊಂಡಿದ್ದವು. ಖಾಲಿ ರಸ್ತೆ ಸಿಕ್ಕಾಗ ಭಾವ ಜೋರಾಗಿ ಬ್ರೇಕ್ ಹಾಕಿದರು. ನೀರು ಡ್ಯಾಶ್‌ಬೋರ್ಡಿಗೆ ಹೊಡೆಯಿತು. ಚೊಂಬು ನನ್ನ ಕಾಲ ಬುಡಕ್ಕೆ ಉರುಳಿ ನೆಗ್ಗಿತು.

"ಅಕ್ಕ ಬೈತಾಳೆ ಭಾವ."

"ಬೈಲಿ ಬಿಡು. ನೋಡ್ದಾ? ಬ್ರೇಕ್ ಅಂದ್ರೆ ಇದು. ಬ್ರೇಕ್ ಹಾಕಿದ್ಮೇಲೆ ನೀರು ಮುಂದೆ ಹೋಗ್ದೆ ಇರತ್ತಾ ಮಾರಾಯ್ತಿ? ಕುರ್ಚೀಲೂ ಹಿಂಗೇ ಆಗ್ಬೇಕು. ಒಂದು ಚೂರೂ ಕಮ್ಮಿ ಆಗ್ಬಾರ್ದು."

ಶೆಡ್ಡಿಗೆ ಬಂದು ಆ ಲೆಕ್ಕ ಬೋರ್ಡಿಗೆ ಹಾಕಿದೆ. ಭಾವ ಗಿರಾಕಿ ಬಂದರೆಂದು ಮುಂದಕ್ಕೆ ಹೋದರು. ಕುರ್ಚಿಯ ಮೇಲೆ ಚೊಂಬು ಇಟ್ಟು ಬೋರ್ಡಿನಿಂದ ಬ್ರೇಕ್ ಕೊಟ್ಟೆ. ನೀರು ಮುಂದೆ ಚೆಲ್ಲಿತು. ಮತ್ತೆ ತುಂಬಿಸಿ, ಬ್ರೇಕ್ ಇಲ್ಲದೆ ಬಲಕ್ಕೆ ಜೋರಾಗಿ ತಿರುಗಿಸುವ ಆಜ್ಞೆ ಕೊಟ್ಟೆ. ಕುರ್ಚಿ ಎಡಕ್ಕೆ ವಾಲಿತು. ನೀರು ಎಡಕ್ಕೆ, ಎಡಕ್ಕೆ ಮಾತ್ರ, ಸಿಮೆಂಟಿನ ಮೇಲೆ ಉದ್ದಕ್ಕೆ ಬಿತ್ತು.

ಆ ಒದ್ದೆ ಪಟ್ಟಿಯನ್ನು ನೋಡುತ್ತ ನಿಂತೆ.

ಹುಳಿ ಬಿದ್ದದ್ದು ಅಮ್ಮನ ಮೇಲೆ. ನನ್ನ ಎಡಕ್ಕೆ ಕೂತಿದ್ದ ಅಮ್ಮನ ಮಡಿಲು, ಸೊಂಟ, ಅವಳ ಆಚೆಗಿನ ಬಾಗಿಲು. ಆಸ್ಪತ್ರೆಯಲ್ಲಿ ಸಿಸ್ಟರ್ ರಕ್ತವಾ ಎಂದು ಗಾಬರಿಯಾದಾಗ, ಹುಳಿ ಎಂದು ಹೇಳಿದವಳು ನಾನು. ನನ್ನ ಎದುರಿಗಿದ್ದ ಭಾವನ ಸೀಟಿನ ಬೆನ್ನಿಗೆ ಒಂದು ಹನಿಯೂ ಸಿಡಿದಿರಲಿಲ್ಲ. ಅದರ ಹಿಂದಿನ ಜೇಬಿನಿಂದ ನನ್ನ ಪರ್ಸನ್ನೂ ಗೃಹಪ್ರವೇಶದ ಕಾರ್ಡನ್ನೂ ಹುಳಿ ತಾಗದೆ ಇದ್ದ ಹಾಗೆಯೇ ತೆಗೆದುಕೊಂಡಿದ್ದೆ. ಮೊದಲು ಬ್ರೇಕ್ ಹಾಕಿ ಕಾರು ನಿಲ್ಲುತ್ತಿದ್ದರೆ ಆ ಹುಳಿ ಮೊದಲು ಎಲ್ಲಿಗೆ ಹೋಗಬೇಕಿತ್ತು? ಅಲ್ಲದೆ ಎಡಗಡೆ ಕೂತವಳು ಹೆದರಿ ಸ್ಟೀರಿಂಗ್ ಹಿಡಿದರೆ ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. ಕಾರು ಹೋದದ್ದು ಬಲಕ್ಕೆ, ಭಾವ ಕೂತಿದ್ದ ಕಡೆಗೆ.

ನನ್ನನ್ನೇ ಅಡ್ಡಪ್ರಶ್ನೆ ಕೇಳಿಕೊಂಡೆ. ಕಾರ್ಡಿಗೆ ಹುಳಿ ತಾಗಿರಲಿಲ್ಲ ಎನ್ನುವುದೂ ಹಸಿರು ಸೀರೆಯಂಥದ್ದೇ ಆಗಿದ್ದರೆ? ನಾನೇ ಕಲಿಸಿದ ಯಂತ್ರ ನನಗೆ ಬೇಕಾದ್ದನ್ನೇ ನನಗೆ ತೋರಿಸುತ್ತಿದ್ದರೆ? ಆದರೆ ಬ್ರೇಕಿನ ಲೆಕ್ಕ ನನ್ನ ನೆನಪಿನದ್ದಲ್ಲ. ಅದು ಭಾವನ ಕಾಲಿನದ್ದು, ಭಾವನ ಬಾಯಿಯದ್ದು. ಒಂದು ಚೂರೂ ಕಮ್ಮಿ ಆಗಬಾರದು ಎಂದವರು ಅವರೇ. ಸಿಟ್ಟು ಬಂತು. ಒಂದು ಮಾತನ್ನು ಮೊದಲು ಹೇಳಿದರೆಂಬ ಒಂದೇ ಕಾರಣಕ್ಕೆ ಒಬ್ಬಳು ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ.

ಶೆಡ್ಡಿನ ಹಿಂದೆಯೇ ಇರುವ ಮನೆಯಿಂದ ಅಕ್ಕ ಕಾಫಿ ತಂದಳು. ಚೊಂಬು ನೋಡಿ, "ಅಯ್ಯೋ, ನನ್ನ ಚೊಂಬೇನೇ ಬೇಕಿತ್ತಾ ನಿಮ್ಮಿಬ್ರಿಗೆ!" ಎಂದು ಸೆರಗಿನಲ್ಲಿ ಒರೆಸತೊಡಗಿದಳು.

"ಕೂತ್ಕೋ ಬಾ," ಎಂದೆ.

"ನಾನಾ? ಬೇಡಮ್ಮ. ಸ್ಟೀರಿಂಗ್ ಗೀರಿಂಗ್ ತಳ್ಳಿಬಿಟ್ರೆ?"

ಆ ತಮಾಷೆ ಅವಳ ಬಾಯಲ್ಲಿ ಕೇಳಿ ನನಗೆ ಇನ್ನಷ್ಟು ಉರಿಯಿತು. ಕೈ ಹಿಡಿದು ಕೂರಿಸಿದೆ. ಆಟದ ಪರದೆ ಆರಿಸಿದ್ದೆ. ಮೊದಲು ಬರುವುದು ಯಾವುದು, ಆಮೇಲಿನದು ಯಾವುದು ಎಂದು ಹೇಳಲಿಲ್ಲ. ಬ್ರೇಕ್ ಕೊಟ್ಟೆ. ಕುರ್ಚಿ ಮುಂದಕ್ಕೆ ಬಗ್ಗಿತು, ಅವಳ ಮೈ ಮುಂದೆ ಜಾರಿತು.

"ಅವತ್ತು ಹೀಗಿತ್ತಾ?"

ಅವಳು ಯಾವತ್ತು ಎಂದು ಕೇಳಲಿಲ್ಲ. "ಇಲ್ಲ ಕಣೇ. ಹಿಂಗೆ ಆಗ್ಲೇ ಇಲ್ಲ," ಎಂದಳು.

ಇನ್ನೊಂದನ್ನು ಕೊಟ್ಟೆ. ಕುರ್ಚಿ ಎಡಕ್ಕೆ ವಾಲಿತು. ಅಕ್ಕನ ಎರಡೂ ಕೈ ಎಡಗಡೆಯ ಗಾಳಿಯಲ್ಲಿ, ಕಾರಾಗಿದ್ದರೆ ಬಾಗಿಲಿನ ಹಿಡಿ ಇರಬೇಕಾದ ಜಾಗದಲ್ಲಿ, ಏನನ್ನೋ ಹುಡುಕಿದವು. ಅವಳು ಇಳಿದು, ಕಾಫಿ ಲೋಟವನ್ನು ಅಲ್ಲೇ ಬಿಟ್ಟು, ಬಾಗಿಲ ಹತ್ತಿರ ಹೋಗಿ ನಿಂತಳು.

ನೆನಪಿಲ್ಲ ಎಂದವಳಿಗೆ ಈಗ ನೆನಪಾಯಿತೇ, ಅಥವಾ ನನ್ನ ದನಿಯಲ್ಲಿದ್ದ ಆಸೆಯನ್ನು ಕೇಳಿ ಹಾಗೆ ಹೇಳಿದಳೇ? ಹೀಗಿತ್ತಾ ಎಂದು ಕೇಳಬಾರದಿತ್ತು, ಹೇಗಿತ್ತು ಎಂದು ಕೇಳಬೇಕಿತ್ತು. ಈಗ ತಿದ್ದಲಾಗುವುದಿಲ್ಲ.

ಭಾವ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಖಾಲಿ ಕುರ್ಚಿಯನ್ನೂ ಬಾಗಿಲಲ್ಲಿದ್ದ ಹೆಂಡತಿಯನ್ನೂ ನೋಡಿ, "ಏನು, ಇವಳೂ ರೇಸಿಗೆ ಇಳಿದ್ಲಾ? ಸ್ಟೀರಿಂಗ್ ಗಟ್ಟಿ ಕೂರಿಸ್ಬೇಕು ಹಂಗಾದ್ರೆ," ಎಂದು ನಕ್ಕರು. ಈ ಸಲ ಯಾರೂ ನಗಲಿಲ್ಲ. ನಾನು ಎರಡನ್ನೂ ಅವರ ಮುಂದೆ ಮಾಡಿ ತೋರಿಸಿದೆ. ಮೊದಲು ಬ್ರೇಕ್, ನೀರು ಮುಂದೆ. ಆಮೇಲೆ ಬರೀ ತಿರುವು, ನೀರು ಎಡಕ್ಕೆ. ಹುಳಿಯ ಡಬ್ಬಿಯ ಮಾತು ಎತ್ತಿದೆ. ಅವರು ನೆಲದ ನೀರನ್ನೇ ನೋಡುತ್ತಿದ್ದರು. ಆಮೇಲೆ, "ಪ್ರೆಶರ್ ಇಳೀತಾ ಇದೆ, ಎಲ್ಲೋ ಲೀಕ್ ಇದೆ ನೋಡು," ಎಂದು ಕಂಪ್ರೆಸರಿನ ಕಡೆಗೆ ಹೋಗಿ ಸ್ವಿಚ್ ಹಾಕಿದರು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಟ್ಯಾಂಕ್ ತುಂಬಿ ಅದು ತಾನಾಗಿಯೇ ನಿಲ್ಲುವವರೆಗೆ ನಾನು ಕಾದೆ. ಅಕ್ಕನೂ ಬಾಗಿಲು ಬಿಟ್ಟು ಕದಲಲಿಲ್ಲ.

ಆಮೇಲೆ ಎಷ್ಟೋ ಭಾನುವಾರ ಹೋಗಿವೆ. ಕುರ್ಚಿ ಈಗ ಅಂಗಡಿಯ ಮುಂದಿದೆ, ಜನ ಕೂತು ಕೇಕೆ ಹಾಕುತ್ತಾರೆ. ಬ್ರೇಕ್ ಹಾಕಿದರೆ ಅದು ಮೊದಲಿನಷ್ಟು ಬಗ್ಗುವುದಿಲ್ಲ. ಯಾರೋ ಸ್ಕ್ರೂ ತಿರುಗಿಸಿದ್ದಾರೆ. ಅಕ್ಕ ಈಗಲೂ ಹಿಂದೆಯೇ ಕೂರುತ್ತಾಳೆ. ಹೋದ ತಿಂಗಳು ಮಾತ್ರ, ಅಮ್ಮನ ಬಟ್ಟೆಯನ್ನು ಮೆಷಿನ್ನಿಗೆ ಹಾಕಿ ಹೋದಳು. ಹಿಂದೆ ಹತ್ತು ಎನ್ನುವ ತಮಾಷೆಯನ್ನು ಭಾವ ನನ್ನೆದುರು ಮತ್ತೆ ಮಾಡಿಲ್ಲ. ಅದೇ ಉತ್ತರ ಎಂದುಕೊಂಡು ಸುಮ್ಮನಾಗು ಎನ್ನುವವರಿದ್ದಾರೆ. ಆಗುವುದಿಲ್ಲ. ಅವತ್ತು ಕಂಪ್ರೆಸರ್ ನಿಂತ ಮೇಲೆ, ಅಕ್ಕನಿಗೂ ಕೇಳಿಸುವ ಹಾಗೆ ನಾನು ಕೇಳಿದ್ದು ಇಷ್ಟೇ:

"ಭಾವ, ಅವತ್ತು ನೀವು ಬ್ರೇಕ್ ಹಾಕಿದ್ರಾ?"